ಹದಿಮೂರು ಡಿಗ್ರಿ ನೀರು

ಬೆಚ್ಚಗಿನ ನೀರಿನಲ್ಲಿ ನನಗೆ ಎಂದೂ ಭಯವಾಗಿರಲಿಲ್ಲ. ನನ್ನ ಭಯವೆಲ್ಲ ನೆಲದ ಮೇಲೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಲಿಫ್ಟಿನಿಂದ ವಾಪಸು ಬರುತ್ತೇನೆ. ಮಗಳು ಶಾಲೆಯಿಂದ ಬರುವುದು ಸ್ವಲ್ಪ ತಡವಾದರೆ ಬಾಲ್ಕನಿಯಲ್ಲಿ ನಿಂತುಬಿಡುತ್ತೇನೆ. ಆದರೆ ಮದುವೆಗೆ ಮುಂಚೆ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಬಳಿ ಮೊದಲ ಸಲ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮುಳುಗಿದಾಗ, ನನ್ನ ಭಯಕ್ಕೆ ಕೊನೆಗೂ ಒಂದು ಉದ್ಯೋಗ ಸಿಕ್ಕಿತು. ನೀರಿನೊಳಗೆ ಎಲ್ಲವನ್ನೂ ಎರಡೆರಡು ಸಲ ನೋಡುವವಳನ್ನು ಯಾರೂ ಅಂಜುಬುರುಕಿ ಎನ್ನುವುದಿಲ್ಲ, ಒಳ್ಳೆಯ ಡೈವರ್ ಎನ್ನುತ್ತಾರೆ. ಆಮೇಲೆ ಅಂಡಮಾನ್, ಜಪಾನಿಗೆ ಬಂದ ಮೇಲೆ ಓಕಿನಾವಾ. ನೂರಕ್ಕೂ ಹೆಚ್ಚು ಸಲ ಮುಳುಗಿ ಎದ್ದಿದ್ದೇನೆ. ಎಲ್ಲವೂ ಸ್ನಾನದ ನೀರಿನಂಥ ಸಮುದ್ರಗಳು.

೨೦೨೧ರ ಆಗಸ್ಟಿನಲ್ಲಿ ನನಗೆ ಕೋವಿಡ್ ಬಂತು. ಆಸ್ಪತ್ರೆಗೆ ಸೇರಿಸುವಷ್ಟು ಜೋರಿಲ್ಲ, ಮನೆಯಲ್ಲೇ ಇರಿ ಎಂದು ಬೆರಳಿಗೆ ಸಿಕ್ಕಿಸಿಕೊಳ್ಳುವ ಆಕ್ಸಿಮೀಟರ್ ಒಂದನ್ನು ಅಂಚೆಯಲ್ಲಿ ಕಳಿಸಿದರು. ಯೋಕೋಹಾಮಾದ ನಮ್ಮ ಪುಟ್ಟ ಫ್ಲ್ಯಾಟಿನ ಒಳಕೋಣೆಯಲ್ಲಿ ನಾನು ಮಲಗಿದೆ. ಗಂಡ ಪ್ರಶಾಂತ, ಮಗಳು ಶರ್ವಾಣಿ ಹೊರಗಿನ ಕೋಣೆಯಲ್ಲಿ. ಇಡೀ ದಿನ ನನಗೆ ಮಾಡಲು ಇದ್ದ ಕೆಲಸವೆಂದರೆ ನನ್ನದೇ ಉಸಿರನ್ನು ಕೇಳಿಸಿಕೊಳ್ಳುವುದು. ಒಳಗೆ ಹೋಯಿತೇ, ಪೂರ್ತಿ ಹೋಯಿತೇ, ಹೊರಗೆ ಬಂತೇ. ಎಂಟು ವರ್ಷದ ಶರ್ವಾಣಿ ಆಗಾಗ ಬಂದು ಬಾಗಿಲನ್ನು ಎರಡು ಸಲ ಕುಟ್ಟುತ್ತಿದ್ದಳು.

"ಅಮ್ಮಾ, ಇಕಿ ಶಿತೆರು?"

ಉಸಿರಾಡ್ತಿದೀಯಾ ಎಂದು. ಯಾರೋ ಹೇಳಿಕೊಟ್ಟದ್ದಲ್ಲ, ಅವಳಿಗೆ ಅವಳೇ ಹೊರಿಸಿಕೊಂಡ ಡ್ಯೂಟಿ. ನಾನು ಮಲಗಿದಲ್ಲಿಂದಲೇ ಕೈ ಚಾಚಿ ಗೋಡೆಯನ್ನು ಎರಡು ಸಲ ಕುಟ್ಟುತ್ತಿದ್ದೆ. ಅವಳು ಹೋಗುತ್ತಿದ್ದಳು.

ಕಾಯಿಲೆ ವಾಸಿಯಾಯಿತು. ಕೇಳಿಸಿಕೊಳ್ಳುವುದು ಮಾತ್ರ ನಿಲ್ಲಲಿಲ್ಲ. ಡೈವರುಗಳನ್ನು ನೋಡುವ ಡಾಕ್ಟರು ಎದೆಯ ಸ್ಕ್ಯಾನ್ ಮಾಡಿಸಿ, ಸೈಕಲ್ ತುಳಿಸಿ, ಶ್ವಾಸಕೋಶ ಚೆನ್ನಾಗಿದೆ, ಸಮುದ್ರಕ್ಕೆ ಇಳಿಯಬಹುದು ಎಂದು ಬರೆದುಕೊಟ್ಟರು. ರೈಲಿನಲ್ಲಿ ಮಾಸ್ಕಿನೊಳಗೆ ನನ್ನ ಉಸಿರು ನನಗೇ ಬಡಿಯುತ್ತಿದ್ದಾಗ ಆ ಕಾಗದದಿಂದ ಏನೂ ಪ್ರಯೋಜನವಾಗಲಿಲ್ಲ. ಮುಂದಿನ ನಿಲ್ದಾಣದಲ್ಲಿ ಇಳಿದು ಕಂಬಕ್ಕೆ ಒರಗಿ ನಿಲ್ಲುತ್ತಿದ್ದೆ.

ಜನವರಿಯಲ್ಲಿ ಪ್ರಶಾಂತನಿಗೆ ನಗೋಯಾಕ್ಕೆ ವರ್ಗವಾಯಿತು. ಏಪ್ರಿಲ್‌ನಿಂದ ಅಲ್ಲಿ. ಕಂಪನಿ ಕೊಡುವ ಮನೆ ಇದಕ್ಕಿಂತ ಚಿಕ್ಕದು. ಗೋಡೆಯ ಕಪಾಟನ್ನು ಖಾಲಿ ಮಾಡುತ್ತ ಅವನು ನನ್ನ ಡೈವಿಂಗ್ ಚೀಲವನ್ನು ಎಳೆದು ನಡುಮನೆಯಲ್ಲಿ ಇಟ್ಟ.

"ಇದನ್ನ ಏನ್ ಮಾಡೋಣ? ನೀನು ಬೇಜಾರು ಮಾಡ್ಕೋಬೇಡ, ಸುಮ್ನೆ ಕೇಳ್ತಿದೀನಿ. ಎರಡು ವರ್ಷದಿಂದ ಜಿಪ್ ತೆಗೆದಿಲ್ಲ."

"ಓಕಿನಾವಾಗೆ ಬರಬೇಡಿ ಅಂತ ಅಲ್ಲಿಯವರೇ ಹೇಳ್ತಿದಾರೆ. ನಿಮ್ಮ ಕಂಪನಿ ಫ್ಲೈಟ್ ಹತ್ತಬೇಡಿ ಅಂತಿದೆ. ನಾನೆಲ್ಲಿ ಹೋಗ್ಲಿ?"

"ಸರಿ, ಬಿಟ್ರೆ ಹೋಗ್ತೀಯಾ?"

ಅವನು ಕೇಳಿದ್ದು ಸರಿಯಾಗಿಯೇ ಇತ್ತು. ಬಿಟ್ಟರೆ ಹೋಗುತ್ತೇನೆಯೇ ಎಂದು ನನಗೂ ಗೊತ್ತಿರಲಿಲ್ಲ. ಸಿಲಿಂಡರಿನ ಗಾಳಿ ಕೊಡುವ ರೆಗ್ಯುಲೇಟರನ್ನು ಬಾಯಿಗೆ ಕಚ್ಚಿಕೊಂಡರೆ ಉಸಿರಿನ ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲ. ರೈಲಿನಿಂದಲೇ ಇಳಿದು ಓಡುವವಳು ಅದರಿಂದ ಎಲ್ಲಿಗೆ ಇಳಿದು ಓಡಬೇಕು? ಮನೆ ಬದಲಿಸುವುದರೊಳಗೆ ಒಂದು ಸಲ ಮುಳುಗುವುದು, ಆಗದಿದ್ದರೆ ಚೀಲ ಮಾರುವುದು ಎಂದು ಅವತ್ತು ನಾನೇ ಹೇಳಿದೆ. ಆ ಚೀಲ ಹೋದರೆ, ಭಯಪಡದೆ ಇರುವ ನನ್ನ ಒಂದೇ ಒಂದು ಜಾಗ ಹೋದಂತೆ.

ಮಿಯುರಾ ಪರ್ಯಾಯದ್ವೀಪದ ಒಂದು ಮೀನುಗಾರರ ಹಳ್ಳಿಯಲ್ಲಿ ಕುರೊಇವಾ ಸಾನ್ ಎಂಬ ಹೆಂಗಸಿನ ಡೈವಿಂಗ್ ಅಂಗಡಿ ಇತ್ತು. ನಮ್ಮ ಮನೆಯಿಂದ ಕಾರಿನಲ್ಲಿ ಒಂದು ಗಂಟೆ. ಐವತ್ತೈದರ ಆಸುಪಾಸಿನ ಆಕೆ ಟೋಕಿಯೋದ ಆಫೀಸು ಬಿಟ್ಟು ಬಂದು ಸಮುದ್ರದ ಪಕ್ಕ ನೆಲೆಸಿದವರು. ಅಂಗಡಿಯ ಬಾಗಿಲಲ್ಲೇ ನನ್ನ ಹಣೆಗೆ ಥರ್ಮಾಮೀಟರ್ ಹಿಡಿದರು, ಕೈಗೆ ಆಲ್ಕೋಹಾಲ್ ಸಿಂಪಡಿಸಿದರು, ಆಮೇಲೆ ಕುರ್ಚಿಗಳನ್ನು ದೂರ ದೂರ ಹಾಕಿ ಮಾತಿಗೆ ಕೂತರು. ನನ್ನ ಹೆಸರು ಅವರ ಬಾಯಲ್ಲಿ, 'ಸಾನ್' ಎಂಬ ಮರ್ಯಾದೆಯ ಮಾತೂ ಸೇರಿ, 'ಸುಪುರುತಿ ಸಾನ್' ಆಯಿತು.

"ನೂರು ಡೈವ್ ಮಾಡಿದವರು," ಎಂದರು. "ಆದರೂ ನಿಮ್ಮನ್ನು ಹೊಸಬರು ಅಂತಲೇ ಲೆಕ್ಕ ಹಿಡಿಯುತ್ತೇನೆ. ಸಿಟ್ಟು ಬರುತ್ತದಾ?"

"ಇಲ್ಲ. ನಿಶ್ಚಿಂತೆ ಅನಿಸುತ್ತದೆ."

ಅವರು ಮಾಸ್ಕಿನೊಳಗೆ ನಕ್ಕದ್ದು ಕಣ್ಣಲ್ಲಿ ಕಂಡಿತು. "ಗಂಡಸರು ಯಾರೂ ಹಾಗೆ ಹೇಳುವುದಿಲ್ಲ."

ಗೋಡೆಯ ಮೇಲೆ ಒಂದು ಚಿತ್ರವಿತ್ತು. ಬೆರಳಿನ ಉಗುರಿನ ಮೇಲೆ ಕೂತ ಒಂದು ಚುಕ್ಕೆ, ಪಕ್ಕದಲ್ಲಿ ಅದನ್ನೇ ದೊಡ್ಡದು ಮಾಡಿದ ಇನ್ನೊಂದು ಚಿತ್ರ. ಗುಂಡಗಿನ ಮೀನಿನ ಮರಿ, ತಲೆಯ ಮೇಲೆ ಬಿಳಿಯ ಬಳೆಯಂಥ ಒಂದು ಗೆರೆ. ದಾಂಗೊ ಉವೊ, ಅಂದರೆ ಹಿಟ್ಟಿನ ಉಂಡೆಯಂಥ ಮೀನು. ಆ ಬಿಳಿ ಬಳೆ ಮರಿಗಳಿಗೆ ಮಾತ್ರ ಇರುತ್ತದೆ, ಬೆಳೆಯುತ್ತ ಅಳಿಸಿಹೋಗುತ್ತದೆ ಎಂದು ಕುರೊಇವಾ ಸಾನ್ ಹೇಳಿದರು. "ಇವು ಹುಟ್ಟುವುದು ನೀರು ಅತ್ಯಂತ ತಣ್ಣಗಿರುವಾಗ. ಬೆಚ್ಚಗಾದಮೇಲೆ ಬಂದರೆ ಎಲ್ಲೂ ಸಿಗುವುದಿಲ್ಲ. ಇದನ್ನು ನೋಡಬೇಕಾದರೆ ಚಳಿಗೇ ಬರಬೇಕು."

ಹದಿಮೂರು ಡಿಗ್ರಿ ಎಂದರು. ನನ್ನ ಅತಿ ತಣ್ಣನೆಯ ಡೈವ್ ಇಪ್ಪತ್ತನಾಲ್ಕು.

ಹಾಗೆ ಯೋಜನೆ ಶುರುವಾಯಿತು. ಇಂಥ ನೀರಿಗೆ ಒದ್ದೆಯಾಗುವ ಸೂಟು ಸಾಲದು, ಡ್ರೈಸೂಟ್ ಬೇಕು. ಒಳಗೆ ಉಣ್ಣೆಯ ಬಟ್ಟೆ, ಮೇಲೆ ನೀರು ತೂರದ ಚೀಲದಂಥ ಉಡುಪು. ಕುತ್ತಿಗೆ ಮತ್ತು ಮಣಿಕಟ್ಟಿನ ಹತ್ತಿರ ಬಿಗಿಯಾದ ರಬ್ಬರ್ ಪಟ್ಟಿ. ನೀರು ಬರುವುದಾದರೆ ಅಲ್ಲಿಂದಲೇ ಬರಬೇಕು. ಮೊದಲು ಈಜುಕೊಳದಲ್ಲಿ ಅಭ್ಯಾಸ. ಸೂಟಿನೊಳಗಿನ ಗಾಳಿ ಕಾಲಿಗೆ ಹೋಗಿ ನಾನು ಬಾವಲಿಯಂತೆ ತಲೆಕೆಳಗಾದೆ. ಮೊಣಕಾಲು ಮಡಚಿ ಪಲ್ಟಿ ಹೊಡೆಯುವುದನ್ನು ಕಲಿತೆ. ಅದೆಲ್ಲ ಕಷ್ಟವಲ್ಲ. ಕಷ್ಟವಾದದ್ದು ಕುತ್ತಿಗೆ. ಆ ರಬ್ಬರು ಗಂಟಲನ್ನು ಹಿಡಿದಿತ್ತು, ಯಾರೋ ಹಿಂದಿನಿಂದ ಎರಡು ಬೆರಳಿನಿಂದ ಹಿಡಿದಂತೆ. ನನ್ನ ಕಿವಿ ಮತ್ತೆ ಉಸಿರಿನ ಮೇಲೆ ನಾಟಿತು. ಒಳಗೆ ಹೋಯಿತೇ, ಪೂರ್ತಿ ಹೋಯಿತೇ. ಮೇಲೆ ಬಂದಾಗ ಕುರೊಇವಾ ಸಾನ್ ನನ್ನ ಗಾಳಿಯ ಮಾಪಕ ತಿರುಗಿಸಿ ನೋಡಿದರು. ಮುಳ್ಳು ಕೆಂಪಿನ ಹತ್ತಿರ ಬಂದುಬಿಟ್ಟಿತ್ತು. ಹೆದರಿದವರು ಗಾಳಿಯನ್ನು ಗಟಗಟ ಕುಡಿಯುತ್ತಾರೆ. ಅದು ಎಲ್ಲ ಡೈವರುಗಳಿಗೂ ಗೊತ್ತು. ಮುಚ್ಚಿಡಲಾಗುವುದಿಲ್ಲ.

"ಹೊಟ್ಟೆ ಹಸಿದಿತ್ತಾ?" ಎಂದರು ಅವರು.

"ಕುತ್ತಿಗೆ."

"ಸರಿ. ಸೂಟನ್ನು ಮನೆಗೆ ತೆಗೆದುಕೊಂಡು ಹೋಗಿ. ದಿನಾ ಸಂಜೆ ಸ್ವಲ್ಪ ಹೊತ್ತು ಹಾಕಿಕೊಂಡಿರಿ. ಅಡುಗೆ ಮಾಡಿ, ಟಿವಿ ನೋಡಿ. ಕುತ್ತಿಗೆಗೆ ಅಭ್ಯಾಸವಾಗುತ್ತದೆ. ಹಾಕುವಾಗ ರಬ್ಬರಿಗೆ ಬೇಬಿ ಪೌಡರ್ ಹಚ್ಚಿ."

ಡೈವ್ ಮಾರ್ಚಿನ ಮೊದಲ ಶನಿವಾರ ಎಂದು ಗೊತ್ತುಮಾಡಿದೆವು. ಹನ್ನೆರಡು ಮೀಟರ್ ಆಳದ ಬಂಡೆಯ ಸಾಲು. ಗಾಳಿ ಅರ್ಧವಾದರೆ ವಾಪಸು. ಚಳಿ ಹತ್ತಿದರೆ ವಾಪಸು. ಯಾರು ಯಾವಾಗ ಬೇಡವೆಂದರೂ ವಾಪಸು, ಯಾಕೆ ಎಂದು ಕೇಳುವಂತಿಲ್ಲ. ಈ ಕೊನೆಯ ಮಾತು ಡೈವಿಂಗ್‌ನಲ್ಲಿ ಎಲ್ಲ ಕಡೆಯೂ ಇದೆ. ಅದನ್ನು ನಾನು ಅದುವರೆಗೆ ಬಳಸಿರಲಿಲ್ಲ.

ಮನೆಯಲ್ಲಿ ಸೂಟು ತೊಟ್ಟು ಈರುಳ್ಳಿ ಹೆಚ್ಚುತ್ತ ನಿಂತದ್ದನ್ನು ನೋಡಿ ಶರ್ವಾಣಿ ನೆಲದಲ್ಲಿ ಉರುಳಿ ನಕ್ಕಳು. "ಅಮ್ಮ ಪೆಂಗಿನ್ ಮಿತಾಯ್," ಅಮ್ಮ ಥೇಟ್ ಪೆಂಗಿನ್, ಎಂದಳು. ಪ್ರಶಾಂತ ಬಾಗಿಲಲ್ಲಿ ನಿಂತು ಬ್ಯಾಗು ಇಳಿಸದೆಯೇ ನೋಡಿದ.

"ಏನೇ ಇದು. ಸಾರು ಮಾಡೋಕೆ ಇಷ್ಟು ಸೇಫ್ಟಿನಾ?"

"ಕುತ್ತಿಗೆಗೆ ಅಭ್ಯಾಸ ಮಾಡ್ತಿದೀನಿ."

ಅವನು ರೈಲಿನ ಗಾರ್ಡಿನ ಹಾಗೆ ತೋರುಬೆರಳು ನೀಡಿ ಒಲೆಯನ್ನು ತೋರಿಸಿದ. "ಗ್ಯಾಸ್, ಯೋಶಿ. ಸಾರು, ಯೋಶಿ. ಹೆಂಡ್ತಿ..." ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೆಂಡ್ತಿ, ಪೆಂಡಿಂಗ್."

ಈ ಊರಿನಲ್ಲಿ ರೈಲು ನಡೆಸುವವರು ಸಿಗ್ನಲ್ಲನ್ನು ಬೆರಳಿನಿಂದ ತೋರಿಸಿ 'ಯೋಶಿ', ಸರಿಯಿದೆ, ಎಂದು ಗಟ್ಟಿಯಾಗಿ ಹೇಳುತ್ತಾರೆ. ಕಣ್ಣು ತಪ್ಪಿದರೂ ಬಾಯಿ ತಪ್ಪಬಾರದೆಂದು. ಕುರೊಇವಾ ಸಾನ್ ಡೈವಿನ ಸಾಮಾನಿಗೂ ಹಾಗೆಯೇ ಮಾಡುತ್ತಿದ್ದರು. ನಾನು ಮನೆಯಲ್ಲಿ ಮಾಡಿ ತೋರಿಸಿದಾಗಿನಿಂದ ಅಪ್ಪ ಮಗಳಿಬ್ಬರಿಗೂ ಅದೇ ಆಟ.

ಬೇಬಿ ಪೌಡರ್ ನಮ್ಮ ಮನೆಯಲ್ಲಿರಲಿಲ್ಲ. ಎರಡನೆಯ ದಿನವೇ ಕುತ್ತಿಗೆ ಸುತ್ತ ಚರ್ಮ ತರಚಿ ಕೆಂಪಾಯಿತು. ಒಣ ಚಳಿಗೆ ಮೈಯೆಲ್ಲ ಬಿರಿದಿತ್ತು. ನಾನು ಶೆಲ್ಫಿನ ಮೇಲಿದ್ದ ಕೊಬ್ಬರಿ ಎಣ್ಣೆಯ ಡಬ್ಬಿ ತೆಗೆದೆ. ಚಳಿಗೆ ಅದು ಬೆಣ್ಣೆಯಂತೆ ಹೆಪ್ಪುಗಟ್ಟಿತ್ತು. ಅಂಗೈಯಲ್ಲಿ ಕರಗಿಸಿ ಕುತ್ತಿಗೆಗೂ ಮಣಿಕಟ್ಟಿಗೂ ಹಚ್ಚಿದೆ. ಹಚ್ಚುತ್ತಿದ್ದಂತೆ ಮೈಸೂರಿನಲ್ಲಿ ಬಳೆ ತೊಡಿಸಿಕೊಂಡದ್ದು ನೆನಪಾಯಿತು. ಹಬ್ಬದ ಹಿಂದಿನ ದಿನ ಬಳೆ ಅಂಗಡಿಯಾಕೆ ನನ್ನ ಕೈಗೆ ಎಣ್ಣೆ ಸವರಿ, ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, 'ಕೈ ಸಡಿಲ ಬಿಡವ್ವ' ಎನ್ನುತ್ತ ಎರಡು ಗಾತ್ರ ಚಿಕ್ಕದಾದ ಗಾಜಿನ ಬಳೆಯನ್ನು ನೋಯದಂತೆ ಇಳಿಸಿಬಿಡುತ್ತಿದ್ದಳು. ಹಾಗೆಯೇ ಮಾಡಿದೆ. ರಬ್ಬರಿಗೂ ಒಂದಿಷ್ಟು ಸವರಿದೆ. ಕೈ ಜಾರಿಕೊಂಡು ಒಳಗೆ ಹೋಯಿತು, ತಲೆಯೂ ಹೋಯಿತು. ನೋವಿಲ್ಲ, ತರಚಲಿಲ್ಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಇಡೀ ವಾರ ಪ್ರತಿ ಸಂಜೆ ಹಾಗೆಯೇ ತೊಟ್ಟೆ. ಕೊನೆಕೊನೆಗೆ ಕುತ್ತಿಗೆಯ ಬಿಗಿ ಕಡಿಮೆಯಾಗುತ್ತ ಬಂತು. ಅಭ್ಯಾಸವಾಗುತ್ತಿದೆ ಎಂದುಕೊಂಡೆ.

ಶನಿವಾರ ಬೆಳಿಗ್ಗೆ ಗಾಳಿಯಿರಲಿಲ್ಲ. ಪ್ರಶಾಂತ ಕಾರು ಓಡಿಸಿದ. ದಾರಿಯಲ್ಲಿ ಕೊಂಬಿನಿಯಲ್ಲಿ, ಹಗಲೂ ರಾತ್ರಿ ತೆರೆದಿರುವ ಪುಟ್ಟ ಅಂಗಡಿಯಲ್ಲಿ, ಅನ್ನದ ಡಬ್ಬಿಗಳನ್ನು ಕೊಂಡೆವು. ಸಮುದ್ರದಾಚೆ ಫುಜಿ ಬಿಳಿಯಾಗಿ ನಿಂತಿತ್ತು. ನಾನು ಅದನ್ನು ನೋಡುವ ಸ್ಥಿತಿಯಲ್ಲಿರಲಿಲ್ಲ. ಕಾರಿನಲ್ಲಿ ಕಿಟಕಿ ಇಳಿಸಿ ಉಸಿರು ಕೇಳಿಸಿಕೊಳ್ಳುತ್ತಿದ್ದೆ.

ದಡದಲ್ಲಿ ಉಣ್ಣೆಯ ಬಟ್ಟೆ ತೊಟ್ಟು, ಸೂಟಿನೊಳಗೆ ಕಾಲು ತೂರಿಸಿ ನಿಂತೆ. ಕುರೊಇವಾ ಸಾನ್ ಬೆರಳು ನೀಡಿ ತಪಾಸಣೆ ಶುರುಮಾಡಿದರು. "ಜಿಪ್ಪು, ಯೋಶಿ. ಕವಾಟ, ಯೋಶಿ. ಬಲ ಮಣಿಕಟ್ಟು..." ಬೆರಳು ಅಲ್ಲಿಯೇ ನಿಂತಿತು. ಹತ್ತಿರ ಬಾಗಿದರು. ಮಾಸ್ಕನ್ನು ಒಂಚೂರು ಎತ್ತಿ ಮೂಸಿದರು.

"ಸುಪುರುತಿ ಸಾನ್. ಇದು... ಕೊಕೊನಟ್ಟಾ?"

"ಹೌದು. ಬೇಬಿ ಪೌಡರ್ ಇರಲಿಲ್ಲ. ಎಣ್ಣೆ."

ಅವರು ಕುತ್ತಿಗೆಯ ಪಟ್ಟಿಯನ್ನು ಎರಡು ಕೈಯಿಂದ ಮೆಲ್ಲಗೆ ಅಗಲಿಸಿದರು. ಅದು ಹಳೆಯ ಚೂಯಿಂಗ್ ಗಮ್ಮಿನಂತೆ ಎಳೆದುಕೊಂಡು ಬಂದು, ಸದ್ದಿಲ್ಲದೆ ಹರಿದುಹೋಯಿತು. ಎಣ್ಣೆ ರಬ್ಬರನ್ನು ಒಳಗಿನಿಂದಲೇ ಮೆತ್ತಗೆ ಮಾಡಿಬಿಟ್ಟಿತ್ತು. ಬಿಗಿ ಕಡಿಮೆಯಾದದ್ದು ಅಭ್ಯಾಸದಿಂದಲ್ಲ.

"ಸುಮಿಮಾಸೆನ್," ಎಂದು ಕ್ಷಮೆ ಕೇಳಿ ಬಗ್ಗಿದೆ. ಅವರೂ ಬಗ್ಗಿದರು. "ಇಲ್ಲ, ತಪ್ಪು ನನ್ನದು. ಎಣ್ಣೆ ಹಚ್ಚಬೇಡಿ ಅಂತ ನಾನು ಹೇಳಲೇ ಇಲ್ಲ. ಇಲ್ಲಿ ಯಾರೂ ಮೈಗೆ ಎಣ್ಣೆ ಹಚ್ಚಿಕೊಂಡು ಸಮುದ್ರಕ್ಕೆ ಬಂದದ್ದನ್ನು ನೋಡಿಲ್ಲ." ಇಬ್ಬರೂ ಎರಡು ಮೂರು ಸಲ ಬಗ್ಗಿದೆವು. ಕಾರಿನ ಹತ್ತಿರ ನಿಂತಿದ್ದ ಪ್ರಶಾಂತ, "ಬಳೆ ತೊಡೋ ಟೆಕ್ನಾಲಜಿನಾ? ನಿಮ್ಮಮ್ಮಂಗೆ ಫೋನ್ ಮಾಡಿ ಹೇಳ್ತೀನಿ ಇರು," ಎಂದ. ನನ್ನ ಮುಖ ನೋಡಿ ಎರಡು ಹೆಜ್ಜೆ ಹತ್ತಿರ ಬಂದ.

ನನ್ನ ಮುಖದಲ್ಲಿ ಅವನು ಏನು ಕಂಡನೋ ತಿಳಿಯದು. ನನಗೆ ಆಗಿದ್ದು ಬೇಸರವಲ್ಲ, ಬಿಡುಗಡೆ. ಇವತ್ತು ಇಳಿಯಬೇಕಾಗಿಲ್ಲ. ಸೂಟು ಹರಿದಿದೆ, ನನ್ನ ಧೈರ್ಯದ ಪ್ರಶ್ನೆಯೇ ಏಳುವುದಿಲ್ಲ. ಮನೆಗೆ ಹೋಗಿ ಚೀಲದ ಫೋಟೋ ತೆಗೆದು ಮಾರಾಟಕ್ಕೆ ಹಾಕಿದರಾಯಿತು. ಎದೆ ಹಗುರವಾಗಿ ಎಷ್ಟು ಸಲೀಸಾಗಿ ಉಸಿರಾಡಿತೆಂದರೆ, ಆ ಸಲೀಸಿನಿಂದಲೇ ನನಗೆ ಹೆದರಿಕೆಯಾಯಿತು. ಇನ್ನು ಮುಂದೆ ಪ್ರತಿ ಬಾಗಿಲ ಮುಂದೆಯೂ ಇಂಥದೊಂದು ಹರಿದ ರಬ್ಬರಿಗಾಗಿ ಕಾಯುತ್ತೇನೆ ಎನ್ನಿಸಿತು.

"ಇವತ್ತು ಬೇಡ ಅನ್ನಬಹುದು," ಎಂದರು ಕುರೊಇವಾ ಸಾನ್. "ಕಾರಣ ಕೇಳುವುದಿಲ್ಲ."

"ಬೇರೆ ಸೂಟು ಇದೆಯಾ?"

ಅವರು ನನ್ನನ್ನು ಅಳೆಯುವಂತೆ ನೋಡಿದರು. "ನನ್ನ ಹಳೆಯದೊಂದಿದೆ. ಕುತ್ತಿಗೆಗೆ ಸ್ಪಂಜಿನ ಪಟ್ಟಿ, ಹಿಡಿಯುವುದಿಲ್ಲ. ಆದರೆ ನಿಮಗೆ ದೊಗಲೆ. ನೀರು ಬರುತ್ತದೆ. ಬರಬಹುದು ಅಂತಲ್ಲ, ಬಂದೇ ಬರುತ್ತದೆ."

"ಬಂದರೆ?"

"ಚಳಿಯಾಗುತ್ತದೆ. ಆಗ ಎದ್ದು ನಡೆದುಕೊಂಡು ವಾಪಸು ಬರುತ್ತೇವೆ. ಹನ್ನೆರಡು ಮೀಟರ್ ಬೇಡ. ಇಗೋ, ಆ ಎರಡು ಬಂಡೆಗಳ ನಡುವೆ, ನಾಲ್ಕು ಮೀಟರ್. ಇಲ್ಲಿ ನಿಮ್ಮ ಮಗಳು ಕೂಗಿದರೆ ಕೇಳುವಷ್ಟು ಹತ್ತಿರ."

ಆರು ವಾರ ಮಾಡಿದ ಯೋಜನೆಯೆಲ್ಲ ಎರಡು ಮಾತಿನಲ್ಲಿ ಬದಲಾಯಿತು. ನೀರು ಒಳಗೆ ಬಾರದಂತೆ ನೋಡಿಕೊಳ್ಳುವುದೇ ಅದರ ತಿರುಳಾಗಿತ್ತು. ಈಗ ಬಂದೇ ಬರುತ್ತದೆ ಎಂದು ತಿಳಿದು ಇಳಿಯಬೇಕು. ನಾನು ತಲೆಯಾಡಿಸಿದೆ. ಕುರೊಇವಾ ಸಾನ್ ಹಳೆಯ ಸೂಟಿನ ಕುತ್ತಿಗೆಯನ್ನು ಬೆರಳಿನಿಂದ ತೋರಿಸಿ, ಒಂದು ಕ್ಷಣ ಯೋಚಿಸಿ, "ಪರವಾಗಿಲ್ಲ," ಎಂದರು. ಅದಕ್ಕೆ 'ಯೋಶಿ' ಹೇಳಲಿಲ್ಲ.

ನೀರು ಮುಖಕ್ಕೆ ತಾಗಿದಾಗ ಹಣೆಯೊಳಗೆ ಮೊಳೆ ಹೊಡೆದಂತಾಯಿತು. ತುಟಿ ಮರಗಟ್ಟಿತು. ಎರಡು ಮೀಟರಿನಲ್ಲಿ, ಅವರು ಹೇಳಿದಂತೆಯೇ, ಕುತ್ತಿಗೆಯ ಹಿಂಭಾಗದಿಂದ ತಣ್ಣನೆಯ ಒಂದು ಎಳೆ ಬೆನ್ನಗುಂಟ ಇಳಿಯಿತು. ಇದೇ, ಇದಕ್ಕೇ ನಾನು ಜನವರಿಯಿಂದ ಹೆದರಿದ್ದು. ಅದು ಸೊಂಟದವರೆಗೆ ಇಳಿದು, ಉಣ್ಣೆಯಲ್ಲಿ ಹರಡಿ, ನಿಂತಿತು. ನಾನು ಇನ್ನೂ ಇದ್ದೆ. ಕಿವಿಯ ತುಂಬ ಉಸಿರಿನ ಸದ್ದು, ಗರಗಸದಂತೆ. ಕುರೊಇವಾ ಸಾನ್ ಹೆಬ್ಬೆರಳು ತೋರುಬೆರಳು ಕೂಡಿಸಿ ಸರಿಯೇ ಎಂದು ಕೇಳಿದರು. ನಾನೂ ಅದೇ ಗುರುತು ಮಾಡಿದೆ. ಅರ್ಧ ಸುಳ್ಳು.

ಆಮೇಲೆ ತಲೆ ಎತ್ತಿದೆ.

ಇಷ್ಟು ತಿಳಿಯಾದ ನೀರನ್ನು ಓಕಿನಾವಾದಲ್ಲೂ ನೋಡಿರಲಿಲ್ಲ. ಚಳಿಗಾಲ ನೀರಿನೊಳಗಿನ ಧೂಳನ್ನೆಲ್ಲ ಕೂರಿಸಿಬಿಟ್ಟಿತ್ತು. ಬಂಡೆಗಳ ಮೇಲೆ ವಾಕಾಮೆ ಎಂಬ ಕಡಲಸೊಪ್ಪು ಎದ್ದು ನಿಂತಿತ್ತು. ಸೂಪಿನ ಬಟ್ಟಲಿನಲ್ಲಿ ಜೋಲುಬಿದ್ದು ತೇಲುವ ಅದೇ ಸೊಪ್ಪು, ಇಲ್ಲಿ ನನ್ನ ಎತ್ತರಕ್ಕೆ ಬೆಳೆದು, ಕಂದು ಬಂಗಾರದ ಬಣ್ಣದಲ್ಲಿ ಬಿಸಿಲನ್ನು ಒಳಗೆ ಬಿಟ್ಟುಕೊಂಡು, ಒಟ್ಟಾಗಿ ಆ ಕಡೆ ಬಾಗಿ ಒಟ್ಟಾಗಿ ಈ ಕಡೆ ಬಾಗುತ್ತಿತ್ತು. ಮೇಲೆ ಮರಗಳೆಲ್ಲ ಬೋಳಾಗಿದ್ದ ಕಾಲದಲ್ಲಿ ಕೆಳಗೆ ಒಂದು ಕಾಡು ಚಿಗುರಿ ನಿಂತಿತ್ತು. ಅಲೆ ಎಳೆದಾಗ ನಾವೂ ಅದರೊಂದಿಗೆ ಹೋಗುತ್ತಿದ್ದೆವು, ಬಿಟ್ಟಾಗ ವಾಪಸು ಬರುತ್ತಿದ್ದೆವು.

ಟಿಣ್, ಟಿಣ್. ಕುರೊಇವಾ ಸಾನ್ ಲೋಹದ ಕಡ್ಡಿಯಿಂದ ತಮ್ಮ ಸಿಲಿಂಡರನ್ನು ಎರಡು ಸಲ ಕುಟ್ಟಿ ಕರೆದರು. ಬಾಗಿಲು ಕುಟ್ಟಿದಂತೆ ಕೇಳಿಸಿತು. ಹೋದೆ.

ಕಡ್ಡಿಯ ತುದಿಯಲ್ಲಿ ಒಂದು ಸಣ್ಣ ಕೆಂಪು ಪಾಚಿಯ ಎಳೆ. ಏನೂ ಕಾಣಲಿಲ್ಲ. ಅವರು ಜೇಬಿನಿಂದ ಭೂತಗನ್ನಡಿ ತೆಗೆದು ನಡುವೆ ಹಿಡಿದರು. ಆಗಲೂ ಕಾಣಲಿಲ್ಲ. ಆಮೇಲೆ ಪಾಚಿಯ ಮೇಲಿನ ಚುಕ್ಕೆಯೊಂದಕ್ಕೆ ಎರಡು ಕಣ್ಣು ಮೂಡಿದವು.

ಅದು ಎಳ್ಳಿಗಿಂತ ಚೂರು ದೊಡ್ಡದಿತ್ತು. ಹೊಟ್ಟೆಯ ಕೆಳಗಿನ ಪುಟ್ಟ ಬಟ್ಟಲಿನಿಂದ ಪಾಚಿಯನ್ನು ಅಂಟಿ ಹಿಡಿದು, ಬಾಲವನ್ನು ಪಕ್ಕಕ್ಕೆ ಸುತ್ತಿಕೊಂಡು ಕೂತಿತ್ತು. ತಲೆಯ ಮೇಲೆ, ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ, ಸುಣ್ಣದಲ್ಲಿ ಬರೆದಂಥ ಬಿಳಿ ಬಳೆ. ಸಮುದ್ರ ಬಂದು ಎಳೆಯಿತು. ನನ್ನಂಥ ಆಳನ್ನೇ ಸರಿಸುವ ಸಮುದ್ರ. ಪಾಚಿ ಮಲಗಿತು, ಮೀನು ಪಾಚಿಯೊಂದಿಗೆ ಮಲಗಿತು. ಸಮುದ್ರ ಬಿಟ್ಟಿತು, ಎದ್ದು ಕೂತಿತು. ಎಲ್ಲಿಗೂ ಹೋಗಿರಲಿಲ್ಲ. ಗಾಜಿನೊಳಗಿನಿಂದ ಅದರ ಕೆನ್ನೆ ಕಾಣುತ್ತಿತ್ತು. ಕೆನ್ನೆ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಅದು ಉಸಿರಾಡುತ್ತಿತ್ತು. ಇಡೀ ಸಾಗರದಿಂದ ತನಗೆ ಬೇಕಾದಷ್ಟು ಮಾತ್ರ, ಒಂದು ಸೂಜಿಮೊನೆಯಷ್ಟು, ಒಳಗೆ ತೆಗೆದುಕೊಂಡು ಹೊರಗೆ ಬಿಡುತ್ತಿತ್ತು. ಯಾವ ಆತುರವೂ ಇರಲಿಲ್ಲ. ನಾನು ಹುಟ್ಟುವ ಮೊದಲೂ ಪ್ರತಿ ಚಳಿಗಾಲ ಇಲ್ಲಿ ಇಂಥ ಕೆನ್ನೆಗಳು ಹೀಗೆ ತೆರೆದು ಮುಚ್ಚಿರಬೇಕು, ನೋಡಲು ಯಾರೂ ಇಲ್ಲದೆ.

ಎಷ್ಟು ಹೊತ್ತು ನೋಡಿದೆನೋ. ಕುರೊಇವಾ ಸಾನ್ ನನ್ನ ಭುಜ ತಟ್ಟಿ, ಗಾಳಿ ಎಷ್ಟಿದೆ ಎಂದು ಕೈಯಲ್ಲಿ ಕೇಳಿದರು. ನಾನು ಗಾಬರಿಯಿಂದ ಮಾಪಕವನ್ನು ಎತ್ತಿದೆ. ಮುಳ್ಳು ಅರ್ಧದ ಹತ್ತಿರಕ್ಕೂ ಬಂದಿರಲಿಲ್ಲ. ಕೆಟ್ಟಿದೆಯೇನೋ ಎಂದು ಬೆರಳಿನಿಂದ ತಟ್ಟಿದೆ. ಅವರು ನನ್ನ ಮಾಪಕ ನೋಡಿದರು, ತಮ್ಮದನ್ನು ನೋಡಿಕೊಂಡರು, ಎರಡನ್ನೂ ಪಕ್ಕ ಪಕ್ಕ ಹಿಡಿದು ತೋರಿಸಿದರು. ನನ್ನದರಲ್ಲಿ ಅವರಿಗಿಂತ ಹೆಚ್ಚಿತ್ತು.

ಆಗ ಬೆನ್ನಿನ ಚಳಿ ಗೊತ್ತಾಯಿತು. ಹಲ್ಲು ಕಟಕಟ ಎನ್ನುತ್ತಿತ್ತು. ಬಹಳ ಹೊತ್ತಿನಿಂದ ಹಾಗೆ ಎನ್ನುತ್ತಿತ್ತೋ ಏನೋ. ಮೇಲೆ ಹೋಗೋಣ ಎಂದು ನಾನು ಹೆಬ್ಬೆರಳನ್ನು ಮೇಲಕ್ಕೆ ತೋರಿಸಿದೆ. ಅವರು ಕಾರಣ ಕೇಳಲಿಲ್ಲ.

ನಡೆದುಕೊಂಡು ದಡಕ್ಕೆ ಬಂದು ಕೂತಾಗ ಸೂಟಿನೊಳಗಿನ ನೀರು ಕಾಲಿಗಿಳಿದು ಪಚಪಚ ಎಂದಿತು. ಪ್ರಶಾಂತ ಟವೆಲು ಹಿಡಿದು ಓಡಿಬಂದ. ಶರ್ವಾಣಿ ಅವನಿಗಿಂತ ಮೊದಲೇ ಬಂದು ನನ್ನ ಬೆನ್ನಿನ ಸಿಲಿಂಡರನ್ನು ಎರಡು ಸಲ ಕುಟ್ಟಿದಳು.

"ಅಮ್ಮಾ, ಇಕಿ ಶಿತೆರು?"

ಕುಟ್ಟಿ ಉತ್ತರ ಕೊಡಲು ಹತ್ತಿರ ಗೋಡೆ ಇರಲಿಲ್ಲ. "ನೋಡ್ಕೊಳ್ಳೋದೇ ಮರ್ತುಬಿಟ್ಟೆ, ಕಂದ," ಎಂದೆ. ಪ್ರಶಾಂತ ನನ್ನ ತಲೆ ಒರೆಸುತ್ತಿದ್ದವನು ಕೈ ನಿಲ್ಲಿಸಿದ. "ನಗೋಯಾ ಮನೇಲಿ ಆ ಚೀಲಾನ ಮಂಚದ ಕೆಳಗೆ ತೂರಿಸ್ಬೋದು," ಎಂದ.

"ಆ ಎಣ್ಣೆಯ ಡಬ್ಬಿ ಮಾತ್ರ ಸೂಟಿನ ಹತ್ತಿರ ಇಡಬೇಡಿ," ಎಂದರು ಕುರೊಇವಾ ಸಾನ್, ಚೀಲ ಎಂಬುದು ಅರ್ಥವಾದವರಂತೆ. ಕನ್ನಡ ಅವರಿಗೆ ಒಂದಕ್ಷರ ಬಾರದು.

ಬಟ್ಟೆ ಬದಲಿಸಿ ಬಿಸಿಲಿನಲ್ಲಿ ಕೂತು ಅನ್ನದ ಡಬ್ಬಿ ತೆರೆದೆವು. ಮೀನು ಎಷ್ಟು ದೊಡ್ಡದಿತ್ತು ಎಂದು ಶರ್ವಾಣಿ ಕೇಳಿದಳು. ಇಷ್ಟಾ ಎಂದು ಎರಡು ಕೈ ಅಗಲಿಸಿದಳು, ಇಷ್ಟಾ ಎಂದು ಕಡಿಮೆ ಮಾಡಿದಳು. ನಾನು ಅನ್ನದ ಮೇಲೆ ಉದುರಿಸಿದ್ದ ಕಪ್ಪು ಎಳ್ಳಿನಲ್ಲಿ ಒಂದನ್ನು ಬೆರಳಿನಿಂದ ಆರಿಸಿ ಅವಳ ಅಂಗೈಯಲ್ಲಿ ಇಟ್ಟೆ.

"ಇಷ್ಟು. ಇದಕ್ಕೆ ಕಣ್ಣಿತ್ತು. ತಲೆ ಮೇಲೆ ಬಳೆ ಇತ್ತು."

ಅವಳು ಅಂಗೈಯನ್ನು ಕಣ್ಣಿನ ಹತ್ತಿರ ತಂದಳು. ಅಲುಗಾಡಲಿಲ್ಲ. ಎಳ್ಳು ಹಾರಿಹೋದೀತೆಂದು ತುಟಿ ಬಿಗಿದು ನೋಡುತ್ತ ಕೂತೇ ಇದ್ದಳು. ಕೆನ್ನೆ ಕೆಂಪಾಗುತ್ತ ಬಂತು.

"ಉಸಿರಾಡು," ಎಂದೆ. "ಹೋಗಲ್ಲ ಅದು."